ಫಿಟ್ಸ್ ಮತ್ತು ಮೊಬೈಲಿನ ವಿಡಿಯೊ

ಫಿಟ್ಸ್ (ಮೂರ್ಛೆರೋಗ) ಬಂದವರ ಕೈಗೆ ಕೀಲಿಕೈ ಕೊಡಬೇಕೆಂಬ ನಂಬಿಕೆ ನಮ್ಮ ಭಾಗದಲ್ಲಿ ಹಳೆಯದು. ಈಗ ಅದಕ್ಕೆ ಮೊಬೈಲ್ ಸಾಕ್ಷಿ ಒದಗಿಸಿದೆ. ಇನ್‌ಸ್ಟಾಗ್ರಾಮ್, ಯೂಟ್ಯೂಬ್‌ಗಳಲ್ಲಿ ಇಂಥ ಅರ್ಧ ನಿಮಿಷದ ವಿಡಿಯೊ ನೀವೂ ನೋಡಿರಬಹುದು. ರಸ್ತೆಯಲ್ಲಿ ಒಬ್ಬರು ಬಿದ್ದು ಒದ್ದಾಡುತ್ತಿರುತ್ತಾರೆ, ಬಾಯಲ್ಲಿ ನೊರೆ, ಸುತ್ತ ಜನ. ಯಾರೋ ಓಡಿ ಬಂದು ಮುಷ್ಟಿಯಲ್ಲಿ ಕೀಲಿಕೈ ಇಡುತ್ತಾರೆ, ಒದ್ದಾಟ ನಿಲ್ಲುತ್ತದೆ. ಕಣ್ಣಾರೆ ಕಂಡ ಮೇಲೆ ನಂಬದಿರುವುದು ಹೇಗೆ?

ಮೆದುಳಿನ ನರಕೋಶಗಳಲ್ಲಿ ವಿದ್ಯುತ್ ಸಂಚಾರ ಒಮ್ಮೆಲೇ ಅತಿಯಾದಾಗ ಫಿಟ್ಸ್ ಬರುತ್ತದೆ. ಬಹುತೇಕ ಫಿಟ್ಸ್ ಒಂದೆರಡು ನಿಮಿಷಗಳಲ್ಲಿ ತಾನಾಗಿಯೇ ನಿಲ್ಲುತ್ತದೆ. ಜನ ಸೇರಿ, ಗಾಬರಿಯಾಗಿ, ಕೀಲಿಕೈ ಹುಡುಕಿ, ಮುಷ್ಟಿ ಬಿಡಿಸಿ ಇಡುವಷ್ಟರಲ್ಲಿ ಆ ಹೊತ್ತು ಮುಗಿದಿರುತ್ತದೆ. ಕೈಯಲ್ಲಿ ಬಾಳೆಹಣ್ಣು ಇಟ್ಟಿದ್ದರೂ ನಿಲ್ಲುತ್ತಿತ್ತು! ಉಳ್ಳಾಗಡ್ಡಿ, ಚಪ್ಪಲಿ ಮೂಸಿಸುವುದೂ ಹಾಗೆಯೇ. ಇದರ ಗದ್ದಲದಲ್ಲಿ ಮಾಡಬೇಕಾದ ಕೆಲಸ ಉಳಿದುಬಿಡುತ್ತದೆ. ಕಲ್ಲು, ಒಲೆ, ವಾಹನಗಳ ಅಪಾಯ ತಪ್ಪಿಸಿ, ತಲೆಯ ಕೆಳಗೆ ಮಡಚಿದ ಟವೆಲ್ ಇಟ್ಟು, ಕುತ್ತಿಗೆಯ ಗುಂಡಿ ಸಡಿಲಿಸಿ, ರೋಗಿಯನ್ನು ಒಂದು ಮಗ್ಗುಲಿಗೆ ಹೊರಳಿಸಿರಿ. ನೊರೆ, ವಾಂತಿ ಹೊರಗೆ ಹರಿದು ಉಸಿರಾಟ ಸರಾಗವಾಗುತ್ತದೆ. ಬಾಯಲ್ಲಿ ಚಮಚ, ಬಟ್ಟೆ, ಬೆರಳು ಏನೂ ಬೇಡ; ಪೂರ್ಣ ಎಚ್ಚರವಾಗುವವರೆಗೆ ನೀರೂ ಬೇಡ. ಗಡಿಯಾರ ನೋಡಿರಿ. 5 ನಿಮಿಷ ದಾಟಿದರೆ, ಎಚ್ಚರವಾಗದೆ ಮತ್ತೆ ಬಂದರೆ, ಗರ್ಭಿಣಿಯಾಗಿದ್ದರೆ ಅಥವಾ ಇದೇ ಮೊದಲ ಸಲವಾಗಿದ್ದರೆ 108ಕ್ಕೆ ಕರೆ ಮಾಡಿರಿ.

ವಿಡಿಯೊಗಳು ಹೆಚ್ಚಾಗಿ ಬಿದ್ದು ಒದ್ದಾಡುವ ಫಿಟ್ಸನ್ನೇ ತೋರಿಸುತ್ತವೆ. ಊಟಕ್ಕೆ ಕುಳಿತ ಮಗು ಕೆಲವು ಸೆಕೆಂಡು ಎತ್ತಲೋ ದಿಟ್ಟಿಸಿ, ಮತ್ತೆ ತುತ್ತು ಎತ್ತುವುದೂ ಫಿಟ್ಸ್ ಇರಬಹುದು. ಒಂದೇ ಕೈ ಅದುರುವುದು, ಪ್ರಜ್ಞೆಯಿಲ್ಲದೆ ತುಟಿ ಚಪ್ಪರಿಸುವುದೂ ಇರಬಹುದು. ಇದು ಗೊತ್ತಿಲ್ಲದೆ, "ಲಕ್ಷ್ಯವಿಲ್ಲದ ಹುಡುಗ" ಎಂದು ಶಾಲೆಯಲ್ಲಿ ಬೈಸಿಕೊಳ್ಳುವ ಮಗು ತಡವಾಗಿ ಆಸ್ಪತ್ರೆಗೆ ಬರುತ್ತದೆ.

ಎಲ್ಲಕ್ಕಿಂತ ಅಪಾಯಕಾರಿಯಾದದ್ದು, "ಗುಳಿಗೆ ಬಿಡಿ, ಬೇರಿನ ಪುಡಿಯಿಂದ ಶಾಶ್ವತ ಗುಣ" ಎನ್ನುವ ವಿಡಿಯೊ. ಗುಳಿಗೆ ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಒಂದರ ಹಿಂದೊಂದು ಬಂದು ಪ್ರಾಣಕ್ಕೇ ಕುತ್ತಾಗಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಸರಿಯಾದ ಚಿಕಿತ್ಸೆ ದೊರೆತರೆ 100ರಲ್ಲಿ 70 ಜನ ಫಿಟ್ಸ್ ಇಲ್ಲದೆ ಬಾಳಬಲ್ಲರು. ಅವರು ಕೆಲಸಕ್ಕೆ ಹೋಗುವುದನ್ನು, ಸಂಸಾರ ನಡೆಸುವುದನ್ನು ಯಾರು ವಿಡಿಯೊ ಮಾಡುತ್ತಾರೆ? ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆಗೆ ಅಡ್ಡಿಯೆಂದು ಇದ್ದ ಮೂರ್ಛೆರೋಗದ ಮಾತನ್ನು 1999ರಲ್ಲಿಯೇ ತೆಗೆದುಹಾಕಲಾಯಿತು. ಆದರೂ ಬಸ್‌ಸ್ಟ್ಯಾಂಡಿನಲ್ಲಿ ಬಿದ್ದ ಹುಡುಗಿಯ ವಿಡಿಯೊ ಊರಿನ ವಾಟ್ಸಾಪ್ ಗುಂಪಿಗೆ ಬಂದರೆ ಆಕೆಯ ಸಂಬಂಧ ಮುರಿಯಬಹುದು. ಅಂಥದ್ದು ನಿಮ್ಮ ಕೈಗೆ ಬಂದರೆ ಮುಂದೆ ಕಳಿಸಬೇಡಿರಿ.

ಹಾಗೆಂದು ಮೊಬೈಲನ್ನು ದೂರುತ್ತಿಲ್ಲ. ನಿಮ್ಮವರು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಫಿಟ್ಸ್ ಮುಗಿದಿರುತ್ತದೆ, ಅವರಿಗೂ ಏನೂ ನೆನಪಿರುವುದಿಲ್ಲ, ಇ.ಇ.ಜಿ. ಕೂಡ ಕೆಲವೊಮ್ಮೆ ನಾರ್ಮಲ್ ಬರುತ್ತದೆ. ಆಗ ವೈದ್ಯರಿಗೆ ವಿಡಿಯೊ ಬಹಳ ನೆರವಾಗುತ್ತದೆ. ಮೊದಲು ಮಗ್ಗುಲಿಗೆ ಹೊರಳಿಸಿರಿ. ಜೊತೆಗಿರುವ ಇನ್ನೊಬ್ಬರು ವಿಡಿಯೊ ಮಾಡಲಿ. ಮುಖ, ಕಣ್ಣು, ಎರಡೂ ಕೈಕಾಲು ಕಾಣಬೇಕು, ಎಚ್ಚರವಾಗುವವರೆಗೆ ಇರಬೇಕು. ಇಲ್ಲಿಯಾಗಲಿ, ಧಾರವಾಡದ ಡಿಮ್ಹಾನ್ಸ್‌ನಲ್ಲಾಗಲಿ, ಅದನ್ನು ವೈದ್ಯರಿಗೆ ಮಾತ್ರ ತೋರಿಸಿರಿ. ಬರುವಾಗ ಗುಳಿಗೆಯ ಹಳೆಯ ಚೀಟಿಯನ್ನೂ ತನ್ನಿರಿ.