ಡೆಂಗ್ಯೂ ಮತ್ತು ಏಳು ದಿನದ ಲೆಕ್ಕ

ಮಳೆ ಹಿಡೀತು ಅಂದ್ರೆ ನಮ್ಮ ಹಾಸ್ಟೆಲ್ ವಾಟ್ಸಾಪ್ ಗ್ರೂಪಿನಲ್ಲಿ ಎರಡು ಮೆಸೇಜು ಗ್ಯಾರಂಟಿ. ಒಂದು, ಯಾರ ಹತ್ರಾದ್ರೂ ಛತ್ರಿ ಇದ್ಯಾ? ಇನ್ನೊಂದು, ಯಾರ ಹತ್ರಾದ್ರೂ ಡೋಲೋ ಇದ್ಯಾ? ಎರಡನೇ ಪ್ರಶ್ನೆ ಕೇಳೋರಲ್ಲಿ ತುಂಬಾ ಜನಕ್ಕೆ ಮಾಮೂಲಿ ವೈರಲ್ ಜ್ವರ ಇರತ್ತೆ. ಕೆಲವರಿಗೆ ಮಾತ್ರ ಅದು ಡೆಂಗ್ಯೂ ಆಗಿರತ್ತೆ. ಮೊದಲ ಎರಡು ದಿನ ಎರಡೂ ಒಂದೇ ಥರ ಕಾಣೋದೇ ಇಲ್ಲಿನ ಸಮಸ್ಯೆ.

2024ರಲ್ಲಿ ಕರ್ನಾಟಕದಲ್ಲಿ ಡೆಂಗ್ಯೂ ಎಷ್ಟು ಜೋರಾಯ್ತು ಅಂದ್ರೆ, ರಾಜ್ಯ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿತು. ಸೊಳ್ಳೆ ಬೆಳೆಯೋಕೆ ಬಿಟ್ಟ ಮನೆಗಳಿಗೆ ನಗರದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200 ರೂಪಾಯಿ ದಂಡ ಅಂತ ನಿಯಮವೂ ಬಂತು. ಮೋರಿ ಗಬ್ಬು ನಾರ್ತಿದ್ರೆ ಮನೆಯವರಿಗೆ ಯಾಕೆ ದಂಡ ಅಂತ ನೀವು ಕೇಳಬಹುದು. ಉತ್ತರ ಸೊಳ್ಳೆಯ ಬದುಕಿನಲ್ಲೇ ಇದೆ.

ಇದು ಮೋರಿಯ ಸೊಳ್ಳೆ ಅಲ್ಲ

ರಾತ್ರಿ ಕಿವಿ ಹತ್ರ ಗುಂಯ್ ಅನ್ನೋ ಸೊಳ್ಳೆ ಸಾಮಾನ್ಯವಾಗಿ ಕ್ಯೂಲೆಕ್ಸ್. ಅದು ಕೊಳಚೆ ನೀರಲ್ಲಿ ಹಾಯಾಗಿ ಬೆಳೆಯತ್ತೆ. ಡೆಂಗ್ಯೂ ಹರಡೋ ಮುಖ್ಯ ಸೊಳ್ಳೆಯ ಹೆಸರು ಈಡಿಸ್ ಈಜಿಪ್ಟೈ. ಕಪ್ಪು ಮೈ, ಕಾಲಿನ ಮೇಲೆ ಬಿಳಿ ಪಟ್ಟೆ. ಇದು ಹಗಲಲ್ಲಿ ಕಚ್ಚತ್ತೆ, ಅದರಲ್ಲೂ ಬೆಳಗ್ಗೆ ಮತ್ತು ಸೂರ್ಯ ಮುಳುಗೋ ಮುಂಚೆ ಹೆಚ್ಚು. ಅಂದ್ರೆ ನಾವು ಎಂಟು ಗಂಟೆ ಕ್ಲಾಸಿಗೆ ಹೊರಡೋ ಹೊತ್ತು ಮತ್ತು ಸಂಜೆ ಗ್ರೌಂಡಿನಲ್ಲಿರೋ ಹೊತ್ತು.

ಇದಕ್ಕೆ ಬೇಕಾಗಿರೋದು ನಾವೇ ಹಿಡಿದಿಟ್ಟ ತಿಳಿ ನೀರು. ಮುಚ್ಚಳ ಸರಿಯಿಲ್ಲದ ಸಂಪು, ಡ್ರಮ್ಮು, ಬಕೆಟ್ಟು, ಕೂಲರ್, ಹೂಕುಂಡದ ಕೆಳಗಿನ ತಟ್ಟೆ, ಫ್ರಿಜ್ ಹಿಂದಿನ ಟ್ರೇ, ತಾರಸಿ ಮೇಲಿನ ಹಳೇ ಟೈರು, ಮಳೆ ನೀರು ತುಂಬಿದ ಎಳನೀರು ಬುರುಡೆ, ಇಷ್ಟು ಸಾಕು. ಈ ಸೊಳ್ಳೆ ಬಹಳ ದೂರ ಹಾರೋದೂ ಇಲ್ಲ. ಸಾಮಾನ್ಯವಾಗಿ ಹುಟ್ಟಿದ ಜಾಗದಿಂದ ಕೆಲವು ನೂರು ಮೀಟರ್ ಒಳಗೇ ಇರತ್ತೆ. ಹಾಗಾಗಿ ನಮ್ಮನ್ನು ಕಚ್ಚಿದ್ದು ಬಹುಶಃ ನಮ್ಮ ಕಟ್ಟಡದಲ್ಲೋ ಪಕ್ಕದ ಕಟ್ಟಡದಲ್ಲೋ ಹುಟ್ಟಿದ್ದು.

ಏಳು ದಿನ ಯಾಕೆ?

ಹೆಣ್ಣು ಈಡಿಸ್ ಮೊಟ್ಟೆ ಇಡೋದು ಪಾತ್ರೆಯ ಒಳಗೋಡೆಗೆ, ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ. ಅಲ್ಲಿ ಅಂಟಿಕೊಂಡ ಮೊಟ್ಟೆ ಒಣಗಿದ್ರೂ ತಿಂಗಳುಗಟ್ಟಲೆ ಸಾಯಲ್ಲ. ನೀರು ಮೇಲೇರಿ ತಾಗಿದಾಗ ಮರಿ ಹೊರಗೆ ಬರತ್ತೆ. ಮರಿ, ಕೋಶ, ಆಮೇಲೆ ರೆಕ್ಕೆಯ ಸೊಳ್ಳೆ. ನಮ್ಮ ಹವೆಯಲ್ಲಿ ಇದಕ್ಕೆ ಸುಮಾರು 7ರಿಂದ 10 ದಿನ ಬೇಕು.

ಲೆಕ್ಕ ಇಷ್ಟೇ. ವಾರಕ್ಕೊಂದು ಸಲ ಎಲ್ಲ ಪಾತ್ರೆ ಖಾಲಿ ಮಾಡಿದ್ರೆ ಯಾವ ಮರಿಗೂ ರೆಕ್ಕೆ ಬರೋಷ್ಟು ಟೈಮ್ ಸಿಗಲ್ಲ. ಆದರೆ ನೀರು ಚೆಲ್ಲಿದ್ರೆ ಮಾತ್ರ ಸಾಲದು, ಗೋಡೆಗೆ ಅಂಟಿದ ಮೊಟ್ಟೆ ಹಾಗೇ ಉಳಿಯತ್ತೆ. ಬ್ರಷ್ಷಿನಿಂದ ಒಳಗೆಲ್ಲಾ ಉಜ್ಜಬೇಕು. ಫಾಗಿಂಗ್ ಗಾಡಿ ಬಂದು ಹೊಗೆ ಬಿಟ್ಟು ಹೋದ್ರೆ ನಮಗೆ ಸಮಾಧಾನ ಆಗತ್ತೆ, ನಿಜ. ಅದು ಹಾರಾಡೋ ಸೊಳ್ಳೆಗಳನ್ನು ಕೊಲ್ಲತ್ತೆ. ನೀರಿನೊಳಗಿನ ಮರಿಗಳು ಮುಂದಿನ ವಾರ ರೆಕ್ಕೆ ಬಿಚ್ಚಿ ಹೊರಗೆ ಬರ್ತವೆ.

ಈ ಉಪಾಯಕ್ಕೆ ಬೆಂಗಳೂರಿನದೇ ಒಂದು ಹಳೇ ಕಥೆ ಇದೆ. 1883ರಲ್ಲಿ ಇಲ್ಲಿದ್ದ ಸೈನ್ಯದ ಡಾಕ್ಟರ್ ರೊನಾಲ್ಡ್ ರಾಸ್ ತಮ್ಮ ಬಂಗಲೆಯ ಬಳಿಯ ತೊಟ್ಟಿ ನೀರಲ್ಲಿ ಸೊಳ್ಳೆ ಮರಿಗಳನ್ನು ನೋಡಿದರು. ಆ ನೀರು ಚೆಲ್ಲಿಸಿದ ಮೇಲೆ ಸೊಳ್ಳೆ ಕಾಟ ಕಡಿಮೆಯಾಯ್ತು. 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯೊಳಗೆ ಮಲೇರಿಯಾ ಪರಾವಲಂಬಿಯನ್ನು ಕಂಡುಹಿಡಿದು, 1902ರಲ್ಲಿ ನೊಬೆಲ್ ಪಡೆದವರು ಇದೇ ರಾಸ್.

ನೀರೇ ಹಿಡಿದಿಡಬೇಡಿ ಅಂತ ಹೇಳೋದು ಸುಲಭ. ನಲ್ಲಿ ನೀರು ದಿನ ಬಿಟ್ಟು ದಿನ ಬರೋ ಏರಿಯಾದಲ್ಲಿ ಅದು ಆಗದ ಮಾತು. ಅಂಥ ಕಡೆ ಡ್ರಮ್ಮಿಗೆ ಬಟ್ಟೆ ಬಿಗಿಯಾಗಿ ಕಟ್ಟಬೇಕು, ಸಂಪಿನ ಮುಚ್ಚಳದಲ್ಲಿ ಸಂದು ಇರಬಾರದು, ಟ್ಯಾಂಕಿನ ಓವರ್‌ಫ್ಲೋ ಪೈಪಿನ ಬಾಯಿಗೆ ಜಾಲರಿ ಹಾಕಬೇಕು.

ರೂಮ್‌ಮೇಟ್‌ಗೆ ಜ್ವರ ಬಂದ್ರೆ

ಡೆಂಗ್ಯೂ ಕೆಮ್ಮಿದ್ರೆ, ಸೀನಿದ್ರೆ, ತಟ್ಟೆ ಹಂಚಿಕೊಂಡ್ರೆ ಹರಡಲ್ಲ. ಆದರೆ ಜ್ವರ ಇರೋರನ್ನು ಕಚ್ಚಿದ ಸೊಳ್ಳೆಯೊಳಗೆ ವೈರಸ್ ಬೆಳೆಯತ್ತೆ, ಸುಮಾರು 8ರಿಂದ 12 ದಿನದ ನಂತರ ಆ ಸೊಳ್ಳೆ ಬೇರೆಯವರಿಗೆ ಅದನ್ನು ದಾಟಿಸತ್ತೆ. ಕಚ್ಚಿಸಿಕೊಂಡವರಿಗೆ 4ರಿಂದ 10 ದಿನದಲ್ಲಿ ಜ್ವರ. ಅದಕ್ಕೇ ಜ್ವರ ಬಂದವರು ಹಗಲಲ್ಲೂ ಸೊಳ್ಳೆ ಪರದೆಯೊಳಗೆ ಮಲಗಬೇಕು. ಆ ಪರದೆ ಕಾಯೋದು ಉಳಿದ ನಮ್ಮನ್ನೆಲ್ಲ.

ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಕಣ್ಣಿನ ಹಿಂದೆ ನೋವು, ಮೈಕೈ ಕೀಲು ನೋವು, ಕೆಲವರಿಗೆ ಮೈಮೇಲೆ ಕೆಂಪು ದದ್ದು. ಹೀಗಿದ್ರೆ ಡಾಕ್ಟರ್ ಹತ್ರ ಹೋಗಿ. ಮೊದಲ ಐದು ದಿನದಲ್ಲಿ ಎನ್‌ಎಸ್ 1 ಟೆಸ್ಟು, ಆಮೇಲೆ ಐಜಿಎಂ ಟೆಸ್ಟು ಮಾಡ್ತಾರೆ. ಜ್ವರಕ್ಕೆ ಡಾಕ್ಟರ್ ಹೇಳಿದ ಪ್ರಮಾಣದಲ್ಲಿ ಪ್ಯಾರಸಿಟಮಾಲ್ ಮಾತ್ರ. ನೋವಿಗೆ ಅಂತ ಐಬುಪ್ರೊಫೆನ್, ಆಸ್ಪಿರಿನ್ ನುಂಗಲೇಬಾರದು, ರಕ್ತಸ್ರಾವದ ಅಪಾಯ ಹೆಚ್ಚತ್ತೆ. ಓಆರ್‌ಎಸ್, ಎಳನೀರು, ಗಂಜಿ, ಮಜ್ಜಿಗೆ ಆಗಾಗ ಕುಡಿಸ್ತಾ ಇರಿ. ಪಪ್ಪಾಯ ಎಲೆ ರಸ ನಂಬಿಕೊಂಡು ಆಸ್ಪತ್ರೆಗೆ ಹೋಗೋದನ್ನು ಮುಂದೂಡಬೇಡಿ.

ಮುಖ್ಯವಾದ ಮಾತು ಈಗ. ಡೆಂಗ್ಯೂನಲ್ಲಿ ಅಪಾಯ ಶುರುವಾಗೋದು ಹೆಚ್ಚಾಗಿ ಜ್ವರ ಇಳಿದಾಗ, 3ರಿಂದ 7ನೇ ದಿನದ ನಡುವೆ. ರಕ್ತನಾಳಗಳು ಲೀಕ್ ಆಗೋ ಪೈಪಿನ ಥರ ಆಗ್ತವೆ. ರಕ್ತದ ದ್ರವ ಹೊರಗೆ ಜಿನುಗಿ, ಉಳಿದ ರಕ್ತ ಗಟ್ಟಿಯಾಗಿ, ಬಿಪಿ ಕುಸಿಯಬಹುದು. ಈ ಹಂತ 24ರಿಂದ 48 ಗಂಟೆ ಇರತ್ತೆ. ನಮ್ಮಲ್ಲಿ ಆಗೋದೇನು? ಜ್ವರ ಬಿಟ್ಟಿತು ಅಂತ ಎದ್ದು ಇಂಟರ್ನಲ್ಸ್ ಬರೆಯೋಕೆ ಹೋಗ್ತಾರೆ. ಆ ಎರಡು ದಿನ ರೂಮ್‌ಮೇಟ್ ಮೇಲೆ ಒಂದು ಕಣ್ಣಿಡಿ. ಜೋರು ಹೊಟ್ಟೆನೋವು, ನಿಲ್ಲದ ವಾಂತಿ, ಮೂಗು ಅಥವಾ ಒಸಡಿನಲ್ಲಿ ರಕ್ತ, ಕಪ್ಪು ಮಲ, ಕೈಕಾಲು ತಣ್ಣಗಾಗೋದು, ವಿಪರೀತ ಸುಸ್ತು, ಮೂತ್ರ ಕಡಿಮೆಯಾಗೋದು, ಇದರಲ್ಲಿ ಒಂದು ಕಂಡ್ರೂ ರಾತ್ರಿ ಎರಡು ಗಂಟೆ ಆಗಿದ್ರೂ ಆಸ್ಪತ್ರೆಗೆ ಕರ್ಕೊಂಡು ಹೋಗಿ.

ಪ್ಲೇಟ್‌ಲೆಟ್ ಎಷ್ಟು ಅಂತ ಕ್ರಿಕೆಟ್ ಸ್ಕೋರ್ ಥರ ಎಲ್ಲರೂ ಕೇಳ್ತಾರೆ. ಮಾಮೂಲಿಯಾಗಿ ಅದು ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ ಇರತ್ತೆ, ಡೆಂಗ್ಯೂನಲ್ಲಿ ಇಳಿಯತ್ತೆ. ಆದರೆ ರಕ್ತಸ್ರಾವ ಇಲ್ಲದಿದ್ರೆ, ತೀರಾ 10,000ಕ್ಕಿಂತ ಕೆಳಗೆ ಹೋಗದಿದ್ರೆ, ಸಾಮಾನ್ಯವಾಗಿ ಪ್ಲೇಟ್‌ಲೆಟ್ ಏರಿಸಬೇಕಾಗಿಲ್ಲ. ಡಾಕ್ಟರುಗಳು ಅದರ ಜೊತೆಗೇ ಹೆಮಟೋಕ್ರಿಟ್ ಅನ್ನೋ ಸಂಖ್ಯೆಯನ್ನೂ ನೋಡ್ತಾರೆ. ರಕ್ತ ಎಷ್ಟು ಗಟ್ಟಿಯಾಗಿದೆ ಅಂತ ಅದು ಹೇಳತ್ತೆ.

ಒಂದು ಸಲ ಬಂದು ಹೋದವರೂ ನಿರಾಳವಾಗಿರೋ ಹಾಗಿಲ್ಲ. ಡೆಂಗ್ಯೂ ವೈರಸ್‌ನಲ್ಲಿ ನಾಲ್ಕು ಬಗೆ. ಒಂದು ಬಗೆ ಬಂದ್ರೆ ಆ ಒಂದರಿಂದ ಮಾತ್ರ ದೀರ್ಘಕಾಲದ ರಕ್ಷಣೆ. ಎರಡನೇ ಸಲ ಬೇರೆ ಬಗೆ ತಗುಲಿದ್ರೆ ಕಾಯಿಲೆ ತೀವ್ರವಾಗೋ ಸಾಧ್ಯತೆ ಹೆಚ್ಚು.

ಹಾಗಾಗಿ ಭಾನುವಾರ ಹದಿನೈದು ನಿಮಿಷ ತೆಗೆದಿಡಿ. ನಮ್ಮ ಫ್ಲೋರಿನ ಬಕೆಟ್ಟು, ಬಾಲ್ಕನಿ, ಕೂಲರ್, ತಾರಸಿ ಒಂದು ಸುತ್ತು ನೋಡೋಣ. ಖಾಲಿ ಮಾಡೋದು, ಉಜ್ಜೋದು, ಬೋರಲು ಹಾಕೋದು, ಮುಚ್ಚೋದು. ಅದೇ ದಿನ ಮನೆಗೆ ಫೋನ್ ಮಾಡಿದಾಗ ಊಟ ಆಯ್ತಾ ಅಂತ ಕೇಳಿದ ಮೇಲೆ, ಹಿತ್ತಲಿನ ಡ್ರಮ್ ಉಜ್ಜಿ ಎಷ್ಟು ದಿನ ಆಯ್ತು ಅಂತಲೂ ಕೇಳಿ.