ಉರಿಮೂತ್ರ: ಉಷ್ಣವೋ, ರೋಗವೋ?

ಉಡುಪಿ, ಕಾಪು, ಕಾರ್ಕಳಗಳ ಕಡೆಯಲ್ಲಿ ಬೇಸಗೆ ಕಾಲಿಟ್ಟಿತೆಂದರೆ ಮನೆಮನೆಯಲ್ಲಿಯೂ ಕೇಳಿಬರುವ ಮಾತೊಂದುಂಟು: "ಉಷ್ಣವಾಗಿದೆ, ಒಂದು ಎಳನೀರು ಕುಡಿದರೆ ಸರಿಹೋದೀತು." ಮೂತ್ರವಿಸರ್ಜನೆಯಲ್ಲಿ ಉರಿ ಕಂಡಾಗಲೂ ನಾವು ಆಡುವುದು ಇದೇ ಮಾತನ್ನೇ. ಇದರಲ್ಲಿ ಸತ್ಯವೆಷ್ಟು, ಅಪಾಯವೆಷ್ಟು ಎಂಬುದನ್ನು ಈ ಹೊತ್ತು ವಿಚಾರಮಾಡೋಣ.

ಬೆವರು ಹೆಚ್ಚಿ ದೇಹದಲ್ಲಿ ನೀರು ಕಡಮೆಯಾದರೆ ಮೂತ್ರವು ಕಡುಹಳದಿಯಾಗಿ ಸ್ವಲ್ಪ ಉರಿಯುವುದುಂಟು. ನೀರು ಕುಡಿದರೆ ಅದು ಶಮನವಾಗುವುದು. ಆದರೆ ಪದೇ ಪದೇ ಅವಸರ, ಹೋದರೆ ನಾಲ್ಕೇ ಹನಿ, ಕಿಬ್ಬೊಟ್ಟೆಯಲ್ಲಿ ನೋವು, ಮೂತ್ರದಲ್ಲಿ ಕದಡು ಅಥವಾ ರಕ್ತ, ಇವು ಕೂಡಿಬಂದರೆ ಉಷ್ಣವೆಂದು ಸುಮ್ಮನಿರಲಾಗದು. ಅದು ಮೂತ್ರಕೋಶದ ಸೋಂಕೆಂದು ಶಂಕಿಸಬೇಕು.

ಬಹುಪಾಲು ಇದಕ್ಕೆ ಕಾರಣವು ನಮ್ಮ ಕರುಳಿನಲ್ಲಿಯೇ ವಾಸಿಸುವ ಇ. ಕೋಲಿ ಎಂಬ ಸೂಕ್ಷ್ಮಜೀವಿ. 1885ರಲ್ಲಿ ಥಿಯೋಡರ್ ಎಷರಿಕ್ ಎಂಬ ವೈದ್ಯನು ಇದನ್ನು ಮೊದಲು ವರ್ಣಿಸಿದನು. ಸ್ತ್ರೀಯರ ಮೂತ್ರನಾಳವು ಸುಮಾರು 4 ಸೆಂಟಿಮೀಟರು, ಪುರುಷರದು ಸುಮಾರು 20. ಹಾದಿ ಕಿರಿದಾದುದರಿಂದ ಸ್ತ್ರೀಯರಿಗೆ ಈ ಬಾಧೆ ಅಧಿಕ. ಕಾರ್ಕಳದಿಂದ ಬಸ್ಸೇರಿ ಬರುವ ವಿದ್ಯಾರ್ಥಿನಿಯು ಶುಚಿಯಾದ ಶೌಚಾಲಯ ದೊರೆಯದೆಂದು ಬೆಳಗಿನಿಂದ ನೀರನ್ನೇ ಮುಟ್ಟದೆ, ಬಂದುದನ್ನು ತಡೆದುಕೊಂಡರೆ, ನಿಂತ ಮೂತ್ರದಲ್ಲಿ ಈ ಜೀವಿಗಳು ವೃದ್ಧಿಯಾಗುವುವು. ಇದು ಅವಳ ತಪ್ಪಲ್ಲ. ಸೌಕರ್ಯವನ್ನು ಒದಗಿಸದ ನಮ್ಮೆಲ್ಲರ ತಪ್ಪು.

ಚಿಕಿತ್ಸೆಯೇನೋ ಸುಲಭವೇ. 1953ರಲ್ಲಿ ವೈದ್ಯಕೀಯ ಕಾಲೇಜು ಸ್ಥಾಪಿತವಾದ ಮಣಿಪಾಲದ ನೆರೆಯವರಾದ ನಮಗೆ ಮೂತ್ರಪರೀಕ್ಷೆ ದೂರದ ಮಾತಲ್ಲ. ಸರಳವಾದ ಸೋಂಕಿಗೆ ವೈದ್ಯರು ಸಾಮಾನ್ಯವಾಗಿ ನೈಟ್ರೊಫ್ಯೂರಾಂಟೊಯಿನ್ ಔಷಧವನ್ನು 5 ದಿನ, ಇಲ್ಲವೆ ಫಾಸ್ಫೊಮೈಸಿನ್ನನ್ನು ಒಂದೇ ಸಲ ಕೊಡುವರು. ಉರಿ ನಿಂತಿತೆಂದು ಗುಳಿಗೆಯನ್ನು ನಡುವೆ ಬಿಡುವುದೂ, ಹಿಂದೆ ಉಳಿದುದನ್ನು ತಾವಾಗಿಯೇ ನುಂಗುವುದೂ ಸಲ್ಲದು. ಔಷಧಗಳ ಇಂತಹ ದುರುಪಯೋಗದಿಂದಲೇ ಅವಕ್ಕೆ ಬಗ್ಗದ ಜೀವಿಗಳು ಬೆಳೆದು ನಿಲ್ಲುವುವು.

ಚಳಿಜ್ವರ, ವಾಂತಿ, ಪಕ್ಕೆಯ ಹಿಂಭಾಗದ ನೋವು ತೋರಿದರೆ ಸೋಂಕು ಮೂತ್ರಪಿಂಡಕ್ಕೇರಿದೆಯೆಂದು ಭಾವಿಸಿ ಅಂದೇ ಆಸ್ಪತ್ರೆಗೆ ಹೋಗತಕ್ಕದ್ದು. ಗರ್ಭಿಣಿಯರು, ಮಕ್ಕಳು, ಪುರುಷರು, ಮಧುಮೇಹಿಗಳು ಉರಿ ಕಂಡೊಡನೆಯೇ ವೈದ್ಯರನ್ನು ಕಾಣಬೇಕು.

ಎಳನೀರನ್ನು ಬಿಡಬೇಕಾಗಿಲ್ಲ, ಅದು ಔಷಧದ ಜೊತೆಗಿರಲಿ, ಔಷಧದ ಸ್ಥಾನದಲ್ಲಿ ಬೇಡ. ಬಿಡಬೇಕಾದುದು ಸಂಕೋಚವನ್ನು. ತಾಯಿ ಮಗಳನ್ನು ಕೇಳಲಿ, ಮಗಳು ಮರೆಮಾಚದೆ ಹೇಳಲಿ. ಅಷ್ಟಾದರೆ ಅರ್ಧ ರೋಗ ಗೆದ್ದಂತೆಯೇ.