ಮಿದುಳಿನ ನಿರ್ಮಾಣದಲ್ಲಿ ನರಕೋಶಗಳ ವಲಸೆ

ನಂಜನಗೂಡನ್ನು ಬಳಸಿ ಬರುವ ಕಪಿಲೆಯು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುವುದನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಕಂಡಿರುವರು. ಬೇರೆಬೇರೆ ಎಡೆಗಳಲ್ಲಿ ಹುಟ್ಟಿದ ಪ್ರವಾಹಗಳು ಹೀಗೆ ಒಂದುಗೂಡುವ ಕಾರ್ಯವು ಗರ್ಭಸ್ಥ ಶಿಶುವಿನ ಮಿದುಳಿನಲ್ಲಿಯೂ ನಡೆಯುತ್ತದೆ.

ಮಿದುಳಿನ ತೊಗಟೆಯ ನರಕೋಶಗಳು ತೊಗಟೆಯಲ್ಲಿಯೇ ಜನಿಸುವುದಿಲ್ಲ. ಒಳಗಿರುವ ದ್ರವಪೂರ್ಣ ಕುಹರಗಳ ಗೋಡೆಯಲ್ಲಿ ಹುಟ್ಟಿ, ಅಲ್ಲಿಂದ ಹೊರಮೈಯತ್ತ ಸಾಗಬೇಕು. ಮನುಷ್ಯನಲ್ಲಿ ಈ ಪ್ರಯಾಣದ ಹೆಚ್ಚಿನ ಭಾಗವು ಗರ್ಭದ ಮೂರನೆಯ ತಿಂಗಳಿನಿಂದ ಆರನೆಯ ತಿಂಗಳಿನೊಳಗೆ ಜರುಗುತ್ತದೆ. ಕುಹರದಿಂದ ಹೊರಮೈವರೆಗೆ ಚಾಚಿದ ನೀಳವಾದ ಆಧಾರಕೋಶಗಳ ಎಳೆಗಳೇ ಇವುಗಳಿಗೆ ಮಾರ್ಗ. ನರಕೋಶವು ಈ ಎಳೆಯನ್ನು ಅಪ್ಪಿಕೊಂಡು ಮೇಲೇರುವುದನ್ನು ಪಾಸ್ಕೊ ರಾಕಿಚ್ ಎಂಬ ವಿಜ್ಞಾನಿ 1972ರಲ್ಲಿ ಕೋತಿಯ ಭ್ರೂಣಗಳಲ್ಲಿ ವಿಶದಪಡಿಸಿದರು. ಮೊದಲು ಹೊರಟ ಕೋಶಗಳು ಆಳದ ಪದರಗಳಲ್ಲಿ ನಿಲ್ಲುತ್ತವೆ. ತರುವಾಯ ಬಂದವು ಅವನ್ನು ದಾಟಿ ಮೇಲಕ್ಕೆ ಹೋಗುತ್ತವೆ. ಮೊದಲು ಬಂದವರಿಗೆ ಮುಂದಿನ ಆಸನವೆಂಬ ನಮ್ಮ ಸಭಾಮರ್ಯಾದೆ ಇಲ್ಲಿ ಸಲ್ಲದು! ಇಲಿಗಳಲ್ಲಿ ಈ ಕ್ರಮವನ್ನು 1961ರಲ್ಲಿಯೇ ಗುರುತಿಸಲಾಗಿತ್ತು.

ಇನ್ನೊಂದು ಪ್ರವಾಹವೂ ಉಂಟು. ಉದ್ರೇಕವನ್ನು ತಡೆಯುವ ನರಕೋಶಗಳು ಮುಮ್ಮಿದುಳಿನ ತಳಭಾಗದಲ್ಲಿ ಹುಟ್ಟಿ, ತೊಗಟೆಗೆ ಅಡ್ಡಲಾಗಿ ಬಹುದೂರ ಸಾಗಿ ಬಂದು ಮೊದಲನೆಯವುಗಳೊಡನೆ ಬೆರೆಯುತ್ತವೆ. ಈ ಎರಡರ ಸಮತೋಲ ಕೆಟ್ಟರೆ ಅಪಸ್ಮಾರವು ಸಂಭವಿಸಬಹುದು.

ಎಲ್ಲಕ್ಕಿಂತ ಸ್ವಾರಸ್ಯವಾದವು ಕಹಾಲ್–ರೆಟ್ಸಿಯಸ್ ಕೋಶಗಳು. ಇವೂ ವಲಸೆ ಬಂದವೇ. ತೊಗಟೆಯ ಹೊರಮೈಯಲ್ಲಿ ಹರಡಿಕೊಂಡು ರೀಲಿನ್ ಎಂಬ ಪ್ರೋಟೀನನ್ನು ಸ್ರವಿಸಿ, ಉಳಿದ ಕೋಶಗಳು ಸರಿಯಾದ ಪದರದಲ್ಲಿ ನೆಲೆಸುವಂತೆ ಮಾಡುತ್ತವೆ. ಕಾರ್ಯ ಮುಗಿದ ಮೇಲೆ ಇವುಗಳಲ್ಲಿ ಬಹುಪಾಲು ಅಳಿದುಹೋಗುತ್ತವೆ.

ರೀಲಿನ್ ಇಲ್ಲದಿದ್ದರೆ ಪದರಗಳು ಅಸ್ತವ್ಯಸ್ತವಾಗಿ, ಮಿದುಳಿನ ಮಡಿಕೆಗಳು ಕುಗ್ಗಿ, ಮೇಲ್ಮೈ ನುಣುಪಾಗುತ್ತದೆ. ತಂದೆತಾಯಿಗಳಿಬ್ಬರಿಂದಲೂ ಕೆಟ್ಟ ಜೀನು ಬಂದಾಗ ಮಾತ್ರ ಮಗುವಿಗೆ ಈ ವಿಕಾರವುಂಟಾಗುವುದೆಂದು 2000ದಲ್ಲಿ ತಿಳಿದುಬಂದಿತು. ಮೈಸೂರು ಸೀಮೆಗೆ ಈ ವಿಷಯವು ದೂರದ್ದಲ್ಲ. ಅಕ್ಕನ ಮಗಳನ್ನು ವರಿಸುವುದೂ ಸೋದರಿಕೆಯ ಸಂಬಂಧವೂ ಇಲ್ಲಿ ಹಳೆಯ ವಾಡಿಕೆಗಳು. ಮೊದಲನೆಯ ಬಗೆಯ ಮದುವೆಯಲ್ಲಿ ಮಗುವಿನ ಜೀನುಜೋಡಿಗಳಲ್ಲಿ ಸರಾಸರಿ ಎಂಟರಲ್ಲೊಂದು ಪಾಲು, ಎರಡನೆಯದರಲ್ಲಿ ಹದಿನಾರರಲ್ಲೊಂದು ಪಾಲು, ಒಬ್ಬನೇ ಪೂರ್ವಿಕನ ಒಂದೇ ಜೀನಿನ ಎರಡು ಪ್ರತಿಗಳಾಗಿರುತ್ತವೆ.

ಆದರೆ ಎಲ್ಲವನ್ನೂ ಬಳಗದ ಮದುವೆಯ ತಲೆಗೆ ಕಟ್ಟುವುದು ಅನ್ಯಾಯ. 1993ರಲ್ಲಿ ಪತ್ತೆಯಾದ ಲಿಸ್–1 ಜೀನಿನ ದೋಷವು ಬಹುಮಟ್ಟಿಗೆ ಮಗುವಿನಲ್ಲಿಯೇ ಹೊಸದಾಗಿ ತಲೆದೋರುವಂಥದು. ಅಲ್ಲಿ ತಂದೆತಾಯಿಗಳ ನಂಟು ಕಾರಣವಲ್ಲ. ಈ ಎರಡನ್ನೂ ಬೇರ್ಪಡಿಸಿ ತಿಳಿಯಲು ಈಗ ಜೀನುಪರೀಕ್ಷೆಯುಂಟು. ಮೊದಲನೆಯದಾದರೆ ಮುಂದಿನ ಪ್ರತಿಯೊಂದು ಗರ್ಭಕ್ಕೂ ನಾಲ್ಕರಲ್ಲೊಂದು ಭಾಗ ಅಪಾಯ. ಎರಡನೆಯದಾದರೆ ಅದು ಅತ್ಯಲ್ಪ. ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದಳೆಂಬ ನಿಂದೆಯನ್ನು ಹೊತ್ತ ತಾಯಿಗೆ ಈ ಉತ್ತರವನ್ನು ಹೇಳಬೇಕಾದವರು ಕೆಲವೊಮ್ಮೆ ನಮ್ಮ ವಿದ್ಯಾರ್ಥಿಗಳೇ.